ಮಗುವಿನ ಮೂತ್ರದಲ್ಲಿ ಪ್ರೋಟೀನ್: ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಬೆಳಿಗ್ಗೆ ಏಳುವಾಗ ಮಗುವಿನ ಕಣ್ಣಿನ ಸುತ್ತ ಕಾಣಿಸುವ ಊತ ಸಂಜೆಯ ಹೊತ್ತಿಗೆ ಇಳಿದು ಪಾದಗಳಿಗೆ ಬಂದಿದ್ದರೆ, ಅದನ್ನು ಅಲರ್ಜಿಯೆಂದೋ ಸೊಳ್ಳೆ ಕಚ್ಚಿದ್ದೆಂದೋ ತಿಳಿದು ವಾರಗಟ್ಟಲೆ ಕಾಯುವ ಮನೆಗಳಿವೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಪೊರೆಯ ಮೂಲಕ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್ ಮಕ್ಕಳಲ್ಲಿ ಬಹುಮಟ್ಟಿಗೆ ಹೀಗೆಯೇ ಆರಂಭವಾಗುತ್ತದೆ. ಅದರ ಮೊದಲ ಸುಳಿವು ಸಿಗುವುದು ಮೂತ್ರದಲ್ಲಿ. ಒಮ್ಮೆ ವಾಸಿಯಾದರೂ ಹಲವು ಮಕ್ಕಳಲ್ಲಿ ರೋಗ ಮರುಕಳಿಸುವುದರಿಂದ, ಮನೆಯಲ್ಲೇ ಮೂತ್ರ ಪರೀಕ್ಷಿಸುವುದನ್ನು ವೈದ್ಯರು ಪೋಷಕರಿಗೆ ಕಲಿಸಿಕೊಡುತ್ತಾರೆ. ಕೆಲಸ ಸುಲಭವಾದುದೇ, ಆದರೆ ಮೂತ್ರವನ್ನು ಯಾವಾಗ ಮತ್ತು ಹೇಗೆ ಹಿಡಿದಿರಿ ಎಂಬುದರ ಮೇಲೆ ಫಲಿತಾಂಶದ ಬೆಲೆ ನಿಂತಿದೆ.

ಮೊದಲನೆಯದು ಹೊತ್ತು. ರಾತ್ರಿ ಮಲಗುವ ಮುನ್ನ ಮಗುವಿಗೆ ಮೂತ್ರ ಮಾಡಿಸಿ, ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರವನ್ನು ಪರೀಕ್ಷೆಗೆ ಹಿಡಿಯಬೇಕು. ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಹದಿಹರೆಯದವರಲ್ಲಿ, ನಿಂತು ಓಡಾಡುವ ಹೊತ್ತಿನಲ್ಲಿ ಮಾತ್ರ ಪ್ರೋಟೀನ್ ಹೊರಬರುತ್ತದೆ, ಮಲಗಿದ್ದಾಗ ಬರುವುದಿಲ್ಲ. ಇದು ರೋಗವಲ್ಲ. ಮಧ್ಯಾಹ್ನದ ಒಂದು ಸ್ಯಾಂಪಲ್ ನೋಡಿ ಇಡೀ ಮನೆ ಗಾಬರಿಯಾಗುವುದನ್ನು ಬೆಳಗಿನ ಮೂತ್ರ ತಪ್ಪಿಸುತ್ತದೆ. ಜ್ವರ ಮತ್ತು ವಿಪರೀತ ಆಟದ ದಣಿವಿನಿಂದಲೂ ಒಂದೆರಡು ದಿನ ಪ್ರೋಟೀನ್ ಕಾಣಿಸಬಹುದು. ಆದ್ದರಿಂದ ಮೊದಲ ಬಾರಿಗೆ ಪರೀಕ್ಷಿಸುವವರು ಜ್ವರ ಇಳಿದ ಮೇಲೆ ಮತ್ತೊಮ್ಮೆ ನೋಡಬೇಕು. ನೆಫ್ರೋಟಿಕ್ ಇರುವ ಮಗುವಿನ ವಿಷಯ ಬೇರೆ: ನೆಗಡಿ, ಜ್ವರಗಳೇ ರೋಗವನ್ನು ಮರಳಿ ಕೆರಳಿಸುವುದರಿಂದ, ಆ ದಿನಗಳಲ್ಲಿ ಪರೀಕ್ಷೆಯನ್ನು ಒಂದು ದಿನವೂ ಬಿಡಬಾರದು.

ಪಾತ್ರೆ ಒಣಗಿರಬೇಕು, ಅದರಲ್ಲಿ ಸೋಪಿನ ಅಂಶ ಉಳಿದಿರಬಾರದು. ಆರಂಭದ ಧಾರೆಯನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಿರಿ. ಎಳೆಗೂಸುಗಳಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲ ಪ್ರೋಟೀನ್ ನೋಡಲು ಸಾಕಾಗಬಹುದು. ಸೋಂಕು ಪತ್ತೆಯ ಕಲ್ಚರ್ ಪರೀಕ್ಷೆಗೆ ಮಾತ್ರ ಅದು ಸಲ್ಲದು, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಅದರೊಳಗೆ ಸೇರಿಕೊಳ್ಳುತ್ತವೆ.

ಇನ್ನು ಸ್ಟ್ರಿಪ್, ಅಂದರೆ ಪ್ರೋಟೀನ್ ತಾಗಿದರೆ ಬಣ್ಣ ಬದಲಿಸುವ ಚೌಕವಿರುವ ಪರೀಕ್ಷಾ ಪಟ್ಟಿ. ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡು, ಒಂದನ್ನು ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಹಾಕಿ; ತೇವ ತಗುಲಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ. ಬಣ್ಣದ ಚೌಕಗಳನ್ನು ಬೆರಳಿನಿಂದ ಮುಟ್ಟದೆ ಮೂತ್ರದಲ್ಲಿ ಅದ್ದಿ ಕೂಡಲೇ ತೆಗೆದು, ಅಂಚನ್ನು ಪಾತ್ರೆಗೆ ತಾಗಿಸಿ ಹೆಚ್ಚಿನ ಹನಿ ಜಾರಿಸಿ, ಅಡ್ಡಲಾಗಿ ಹಿಡಿದು, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು, ಸಾಮಾನ್ಯವಾಗಿ 60 ಸೆಕೆಂಡು, ಕಾದು ಹಗಲಿನ ಬೆಳಕಿನಲ್ಲಿ ಓದಿ. ಹಳದಿ ಚೌಕ ಹಸಿರಿಗೆ ತಿರುಗಿದಷ್ಟೂ ಪ್ರೋಟೀನ್ ಹೆಚ್ಚು. 1+ ಎಂದರೆ 100 ಮಿಲಿಲೀಟರ್ ಮೂತ್ರದಲ್ಲಿ ಸುಮಾರು 30 ಮಿಲಿಗ್ರಾಂ, 2+ ಎಂದರೆ ಸುಮಾರು 100, 3+ ಎಂದರೆ ಸುಮಾರು 300. ಹತ್ತು ನಿಮಿಷ ಬಿಟ್ಟು ಓದಿದ ಬಣ್ಣಕ್ಕೆ ಅರ್ಥವಿಲ್ಲ.

ಸ್ಟ್ರಿಪ್ ದುಬಾರಿಯೆನಿಸಿದರೆ ಶೇ 3ರ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ದ್ರಾವಣವನ್ನು ಬಳಸುವ ಹಳೆಯ ವಿಧಾನವಿದೆ. ನಮ್ಮ ದೇಶದ ಮಕ್ಕಳ ಮೂತ್ರಪಿಂಡ ತಜ್ಞರು ಇದನ್ನು ಈಗಲೂ ಒಪ್ಪುತ್ತಾರೆ. ಗಾಜಿನ ನಳಿಕೆಯಲ್ಲಿರುವ ಮೂತ್ರಕ್ಕೆ ಅದನ್ನು ಬೆರೆಸಿ, ನಳಿಕೆಯ ಹಿಂದೆ ಅಚ್ಚಾದ ಕಾಗದ ಹಿಡಿಯಬೇಕು. ಮಬ್ಬಿನ ನಡುವೆಯೂ ಅಕ್ಷರ ಓದಲು ಬಂದರೆ ಪ್ರೋಟೀನ್ ಕಡಿಮೆ, ಅಕ್ಷರ ಪೂರ್ತಿ ಮರೆಯಾದರೆ 3+, ಒಡೆದ ಹಾಲಿನಂತೆ ಗರಣೆಗಟ್ಟಿದರೆ 4+. ದ್ರಾವಣವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ದಿನಾಂಕ, ಫಲಿತಾಂಶ, ತೂಕ, ಕೊಟ್ಟ ಔಷಧ, ಜ್ವರವಿತ್ತೇ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಸತತ ಮೂರು ದಿನ 3+ ಅಥವಾ ಅದಕ್ಕಿಂತ ಹೆಚ್ಚು ಬಂದರೆ ರೋಗ ಮರುಕಳಿಸಿದೆ ಎಂದರ್ಥ; ಆಗ ಊತ ಬರುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಸತತ ಮೂರು ದಿನ ಏನೂ ಇಲ್ಲ ಅಥವಾ ಟ್ರೇಸ್ (ಲೇಶಮಾತ್ರ) ಎಂದು ಬಂದರೆ ರೋಗ ಹತೋಟಿಗೆ ಬಂದಿದೆ. ಹಾಗೆಂದು ಈ ರೋಗಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ನನ್ನ ದೃಷ್ಟಿಯಲ್ಲಿ ಈ ನೋಟ್‌ಬುಕ್ ಯಾವ ದುಬಾರಿ ರಿಪೋರ್ಟಿಗಿಂತಲೂ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಸ್ಟ್ರಿಪ್ಪಿಗೊಂದು ಮಿತಿಯಿದೆ. ಅದು ಅಳೆಯುವುದು ಸಾಂದ್ರತೆಯನ್ನು, ಹಾಗಾಗಿ ಮಗು ಹೆಚ್ಚು ನೀರು ಕುಡಿದಿದ್ದರೆ ಫಲಿತಾಂಶ ಕಡಿಮೆಯಾಗಿಯೂ, ಬಾಯಾರಿದ್ದರೆ ಹೆಚ್ಚಾಗಿಯೂ ತೋರುತ್ತದೆ. ಇದಕ್ಕಾಗಿ ಲ್ಯಾಬಿನಲ್ಲಿ ಅದೇ ಸ್ಯಾಂಪಲ್ಲಿನ ಪ್ರೋಟೀನನ್ನು, ಸ್ನಾಯುಗಳಿಂದ ಹುಟ್ಟಿ ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯವಾದ ಕ್ರಿಯಾಟಿನಿನ್‌ನಿಂದ ಭಾಗಿಸಿ ಅನುಪಾತ ಕಂಡುಹಿಡಿಯುತ್ತಾರೆ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಅದು 0.2ಕ್ಕಿಂತ ಕಡಿಮೆಯಿರಬೇಕು, 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೆಫ್ರೋಟಿಕ್ ಮಟ್ಟದ ಸೋರಿಕೆ. ಪುಟ್ಟ ಮಗುವಿನ 24 ಗಂಟೆಗಳ ಮೂತ್ರ ಕೂಡಿಡುವ ಪಾಡನ್ನು ಈ ಅನುಪಾತ ಬಹುತೇಕ ತಪ್ಪಿಸಿದೆ.

ಆಸ್ಪತ್ರೆಗಳಲ್ಲಿ ಹೊಸ ಸೂಚಕಗಳೂ ಬಂದಿವೆ. ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದಾಗ ರಕ್ತದ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿಯುತ್ತದೆ. ಎನ್‌ಗ್ಯಾಲ್ ಎಂಬ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಏರುತ್ತದೆಂದು ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳಲ್ಲಿ 2005ರಲ್ಲಿ ತೋರಿಸಲಾಯಿತು. ಮಕ್ಕಳಿಗೆ ಇದರ ಬಳಕೆಗೆ ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಅನುಮತಿ ಕೊಟ್ಟರು. ಇದು ತೀವ್ರ ನಿಗಾ ಘಟಕದ ಸಾಧನ. ಊದಿದ ಕಣ್ಣಿನ ಮಗುವಿಗೆ ಮೊದಲು ಬರೆಸಬೇಕಾದ ಪರೀಕ್ಷೆಯಲ್ಲ.

ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಅದರಲ್ಲೂ ಗಂಟಲು ನೋವು ಅಥವಾ ಚರ್ಮದ ಹುಣ್ಣು ಬಂದುಹೋದ ಕೆಲವು ವಾರಗಳಲ್ಲಿ ಹೀಗಾದರೆ, ಸ್ಟ್ರಿಪ್ ಹಿಡಿದು ಕೂರದೆ ಅಂದೇ ರಕ್ತದೊತ್ತಡ ಮತ್ತು ಮೂತ್ರದ ಸೂಕ್ಷ್ಮದರ್ಶಕ ಪರೀಕ್ಷೆ ಮಾಡಿಸಿ. ಮೂತ್ರದ ಪ್ರಮಾಣ ತೀರಾ ಇಳಿದರೆ, ಊದಿದ ಮಗುವಿಗೆ ಜ್ವರದೊಂದಿಗೆ ಹೊಟ್ಟೆನೋವು ಕಾಣಿಸಿಕೊಂಡರೆ, ಉಸಿರಾಟ ಕಷ್ಟವಾದರೆ ಅಥವಾ ತೀವ್ರ ತಲೆನೋವಿನ ಜೊತೆ ಫಿಟ್ಸ್ ಬಂದರೆ ಬೆಳಗಿನ ಮೂತ್ರಕ್ಕಾಗಿ ಕಾಯಬಾರದು. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು, ಜೊತೆಗೆ ನೋಟ್‌ಬುಕ್ಕನ್ನೂ ಒಯ್ಯಬೇಕು.