ಮೊದಲು ಬಣ್ಣ ಬಿಡಿಸಿ, ಆಮೇಲೆ ಸ್ಕ್ರೂ: ಹಳೆಯ ಕಿಟಕಿಯ ಚಿಲಕ, ಕೀಲು ತೆಗೆಯುವ ಬಗೆ

ಹಳೆಯ ಕಿಟಕಿಯ ಚಿಲಕವನ್ನು ಮರಕ್ಕೆ ಹಿಡಿದಿಟ್ಟಿರುವುದು ಸ್ಕ್ರೂ ಮಾತ್ರವಲ್ಲ. ಪದರದ ಮೇಲೆ ಪದರವಾಗಿ ಬಳಿದ ಬಣ್ಣ ಮತ್ತು ತುಕ್ಕು ಸೇರಿ ಅದನ್ನು ಅಂಟಿಸಿಬಿಟ್ಟಿರುತ್ತವೆ. ಇದನ್ನು ಲೆಕ್ಕಿಸದೆ ತಿರುಗಿಸಲು ಹೊರಟರೆ ಸ್ಕ್ರೂವಿನ ತಲೆ ಸವೆದು ಹೋಗುತ್ತದೆ; ಮೀಟಿದರೆ ಬಣ್ಣದ ಜೊತೆ ಮರದ ಸಿಬಿರೂ ಎದ್ದು ಬರುತ್ತದೆ. ಆದ್ದರಿಂದ ಕೆಲಸದ ಮುಕ್ಕಾಲು ಪಾಲು ತಿರುಗಿಸುವ ಮೊದಲೇ ಮುಗಿದಿರಬೇಕು.

ಬಣ್ಣ ಬಹಳ ಹಳೆಯದಾಗಿದ್ದರೆ ಅದರಲ್ಲಿ ಸೀಸ ಇರಬಹುದು. ಸೀಸದ ವಿಷಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಒಣ ಬಣ್ಣವನ್ನು ಉಜ್ಜಬೇಡಿ, ಸುಡಬೇಡಿ. ನೀರು ಚಿಮುಕಿಸಿ, ನಿಧಾನವಾಗಿ ಕೆರೆಯಿರಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಮಕ್ಕಳು ಆ ಕೋಣೆಯ ಹತ್ತಿರವೂ ಸುಳಿಯಬಾರದು.

ಪ್ರತಿ ಕಿಟಕಿಯ ಫೋಟೊ ತೆಗೆದು ಕೆಲಸ ಆರಂಭಿಸಿ. ಹರಿತವಾದ ಕಟರ್‌ನಿಂದ ಚಿಲಕದ ಅಂಚಿನ ಸುತ್ತ, ಲೋಹ ಮರಕ್ಕೆ ತಾಗುವ ಗೆರೆಯಲ್ಲೇ, ಬಣ್ಣವನ್ನು ಕೊಯ್ಯಿರಿ. ಬಳಿಕ ಸ್ಕ್ರೂವಿನ ತಲೆಯ ಸೀಳಿನಲ್ಲಿ ತುಂಬಿರುವ ಬಣ್ಣ. ಹಳೆಯ ಸ್ಕ್ರೂಡ್ರೈವರ್‌ನ ಮೂಲೆಯನ್ನು ಸೀಳಿನ ಒಂದು ತುದಿಗೆ ಓರೆಯಾಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅದು ಚಕ್ಕೆಯಾಗಿ ಏಳುತ್ತದೆ. ಸೀಳಿನ ತಳ ಕಾಣುವವರೆಗೂ ಬಿಡಬೇಡಿ. ಬೇಸರದ ಕೆಲಸವೇ, ಆದರೆ ಇಲ್ಲಿ ಉಳಿಸಿದ ಐದು ನಿಮಿಷಕ್ಕೆ ಮುಂದೆ ಒಂದು ಗಂಟೆ ತೆರಬೇಕಾಗುತ್ತದೆ.

ಈಗ ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಆರಿಸಿ. ಮೈಭಾರ ಹಾಕಿ ಒತ್ತಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ. ತುಕ್ಕಿನ ಹಿಡಿತ ಬಿಟ್ಟ ಸಣ್ಣ ಸದ್ದು ಕೇಳಿದ ಮೇಲೆ ಸಡಿಲಿಸುವ ದಿಕ್ಕಿಗೆ ತಿರುಗಿಸಿ. ಹಿತ್ತಾಳೆ ಸ್ಕ್ರೂ ಮೆತ್ತಗಿನದು, ಬಲ ಹೆಚ್ಚಾದರೆ ತುಂಡಾಗುತ್ತದೆ.

ಅಲುಗಾಡದಿದ್ದರೆ ತುಕ್ಕು ಬಿಡಿಸುವ ಎಣ್ಣೆಯ ಒಂದು ಹನಿ ಬಿಟ್ಟು ಕಾಯಿರಿ; ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಎಣ್ಣೆ ಮರಕ್ಕೆ ಹರಡಿದರೆ ಹೊಸ ಬಣ್ಣ ಅಲ್ಲಿ ಹಿಡಿಯುವುದಿಲ್ಲ, ಕೂಡಲೇ ಒರೆಸಿ. ತಲೆ ಪೂರ್ತಿ ಸವೆದಿದ್ದರೆ ನಡುವೆ ಪಂಚ್‌ನಿಂದ ಗುರುತು ಮಾಡಿ, ಸ್ಕ್ರೂವಿನ ಕಾಂಡಕ್ಕಿಂತ ತುಸು ದಪ್ಪನೆಯ ಬಿಟ್‌ನಿಂದ ತಲೆಯನ್ನಷ್ಟೇ ಕೊರೆಯಿರಿ. ಲೋಹದ ಪಟ್ಟಿ ಕಳಚಿ ಬರುತ್ತದೆ. ಹೊರಗೆ ಉಳಿದ ಮೋಟನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ತೆಗೆಯಬಹುದು.

ಚಿಲಕ, ಹಿಡಿಕೆ, ಕೊಕ್ಕೆಗಳನ್ನು ಮೊದಲು ಬಿಚ್ಚಿ. ಕೀಲುಗಳು ಕಡೆಗೆ, ಅದೂ ಇನ್ನೊಬ್ಬರು ಜೊತೆಗಿದ್ದಾಗ ಮಾತ್ರ. ಕಿಟಕಿಯ ಬಾಗಿಲಿನ ಅಡಿಗೆ ಮರದ ಬೆಣೆ ಕೊಟ್ಟು ಭಾರವನ್ನು ಅದರ ಮೇಲೆ ಕೂರಿಸಿ. ಕೆಳಗಿನ ಕೀಲು ಮೊದಲು, ಮೇಲಿನದು ಕೊನೆಗೆ. ತಿರುವುಮುರುವಾದರೆ ಬಾಗಿಲು ನಿಮ್ಮ ಮೇಲೆಯೇ ವಾಲುತ್ತದೆ. ಮಹಡಿಯ ಕಿಟಕಿಯಾದರೆ ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಲೇಬೇಕು.

ಬಿಚ್ಚಿದ್ದನ್ನೆಲ್ಲ ಗುಜರಿಗೆ ಹಾಕುವ ಆತುರ ಬೇಡ. ಅಯಸ್ಕಾಂತ ಹಿಡಿದು ನೋಡಿ: ಅಂಟದಿದ್ದರೆ ಹಿತ್ತಾಳೆ ಇರಬಹುದು, ಅಂಟಿದರೆ ಕಬ್ಬಿಣಕ್ಕೆ ಕೊಟ್ಟ ಲೇಪ. ಗಟ್ಟಿ ಹಿತ್ತಾಳೆಯ ಹಳೆಯ ಚಿಲಕ ಶುಚಿ ಮಾಡಿದರೆ ಇನ್ನೊಂದು ತಲೆಮಾರಿಗೆ ಬಾಳುತ್ತದೆ. ಒಂದೊಂದು ಕಿಟಕಿಯದನ್ನು ಒಂದೊಂದು ಚೀಲಕ್ಕೆ ಹಾಕಿ ಚೀಟಿ ಅಂಟಿಸಿಡಿ.

ಹೊಸದನ್ನೇ ಹಾಕುವುದಾದರೆ, ಹಳೆಯ ತೂತುಗಳ ನಡುವಿನ ಅಂತರವನ್ನು ಅಳೆದುಕೊಂಡು ಅಂಗಡಿಗೆ ಹೋಗಿ. ಅಳತೆ ಹೊಂದದಿದ್ದರೆ ಹಳೆಯ ತೂತಿಗೆ ಮರದ ಅಂಟು ಸವರಿದ ತೆಳು ಕಡ್ಡಿಗಳನ್ನು ಬಿಗಿಯಾಗಿ ತುರುಕಿ, ಒಂದು ದಿನ ಒಣಗಲು ಬಿಟ್ಟು, ಮೇಲ್ಮೈಗೆ ಸಮನಾಗಿ ಕತ್ತರಿಸಿದ ಬಳಿಕವೇ ಹೊಸ ತೂತು ಕೊರೆಯಿರಿ.