ಎಸ್ ಮೋಡ್ ಬೀಗ ಹಾಕಿದ ವಿಂಡೋಸ್ ಪೆನ್‌ಡ್ರೈವ್ ಮಾಡೋದು ಹೆಂಗ?

ಕಾರಟಗಿಯೊಳಗ ನಮ್ಮ ಅಕ್ಕನ ಮಗ ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ನಡಸ್ತಾನ. ಆರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಒಂದು ಇನ್ವರ್ಟರ್, ಒಂದು ಕೂಲರ್, ಅಷ್ಟ ಬಂಡವಾಳ. ತಿಂಗಳಿಗೆ ಎರಡು ಸಲ ಗಂಗಾವತಿಗೆ ನನಗ ಫೋನ್ ಬರತಿತ್ತು, "ಮಾಮಾ, ಮತ್ತ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗ್ಯಾವ" ಅಂತ. ಹುಡುಗ್ರು ಝೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್ ತರತಾರ, ಅದರೊಳಗ ವೈರಸ್ ಇರತೈತಿ, ಇಲ್ಲಂದ್ರ ಕ್ರ್ಯಾಕ್ ಮಾಡಿದ ಗೇಮ್ ಇರತೈತಿ, ಒಬ್ಬ ಹಾಕಿದ್ರ ಸಂಜಿಯೊಳಗ ಆರೂ ಮಷಿನ್ ಮಲಗತಾವ. ಎಷ್ಟು ಸಲ ಫಾರ್ಮ್ಯಾಟ್ ಹೊಡೆಯೋದು ಹೇಳ್ರಿ. ಕಡಿಗೆ ನಾವು ಎಸ್ ಮೋಡ್ ಹಾಕಿದ್ವಿ, ಆ ಪೆನ್‌ಡ್ರೈವ್ ಮಾಡಿದ ಕತಿನ ಇದು.

ಎಸ್ ಮೋಡ್ ಅಂದ್ರ ಬೀಗ ಹಾಕಿದ ವಿಂಡೋಸ್. 2017ರ ಮೇ ತಿಂಗಳಾಗ ಮೈಕ್ರೋಸಾಫ್ಟ್ ಸರ್ಫೇಸ್ ಲ್ಯಾಪ್‌ಟಾಪ್ ಜೊತಿ ವಿಂಡೋಸ್ 10 ಎಸ್ ಅಂತ ಬ್ಯಾರೆ ಎಡಿಷನ್ನ ತಂದಿತ್ತು, ಶಾಲಿ ಮಕ್ಕಳನ್ನ ಮನಸಿನ್ಯಾಗ ಇಟ್ಕೊಂಡು. 2018ರಾಗ ಅದನ್ನ ಎಡಿಷನ್ ಬದಲು ಒಂದು ಮೋಡ್ ಮಾಡಿದ್ರು. ಇದರೊಳಗ ಮೈಕ್ರೋಸಾಫ್ಟ್ ಸ್ಟೋರಿನಿಂದ ಇಳಿಸಿದ ಆ್ಯಪ್ ಮಾತ್ರ ಓಡತಾವ, ಹೊರಗಿಂದ ತಂದ ಎಕ್ಸ್‌ಇ ಫೈಲ್ (ಸಾಫ್ಟ್‌ವೇರ್ ಓಡಿಸೋ ಫೈಲ್) ಡಬಲ್ ಕ್ಲಿಕ್ ಮಾಡಿದ್ರ ತೆರಿಯಂಗಿಲ್ಲ. ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್, ರಿಜಿಸ್ಟ್ರಿ ಎಡಿಟರ್ ಬಂದ್. ಶಾರ್ಟ್‌ಕಟ್ ವೈರಸ್ಸಿಗೆ ಬೇಕಾಗೋ ಸ್ಕ್ರಿಪ್ಟ್ ಓಡಿಸೋ ಡಬ್ಲ್ಯೂಸ್ಕ್ರಿಪ್ಟ್, ಸಿಸ್ಕ್ರಿಪ್ಟ್ ಸೈತ ಬಂದ್, ನನಗ ಬೇಕಾಗಿದ್ದು ಇದ. ಪೆನ್‌ಡ್ರೈವಿನ್ಯಾಗ ವೈರಸ್ ಇದ್ರ ಅದು ಅಲ್ಲೇ ಇರತೈತಿ, ಎಸ್ ಮೋಡ್ ಅದನ್ನ ತೊಳಿಯಂಗಿಲ್ಲ, ಓಡಾಕ ಬಿಡಂಗಿಲ್ಲ ಅಷ್ಟ.

ಈಗ ಎಲ್ಲಾರೂ ತಪ್ಪು ತಿಳ್ಕೊಳ್ಳೋದು ಏನಂದ್ರ, ಮೀಡಿಯಾ ಕ್ರಿಯೇಷನ್ ಟೂಲ್ ಹಾಕಿ ಪೆನ್‌ಡ್ರೈವ್ ಮಾಡಿ ಇನ್‌ಸ್ಟಾಲ್ ಮಾಡಿದ್ಮ್ಯಾಲ ಸೆಟ್ಟಿಂಗ್ಸ್‌ನಾಗ ಎಲ್ಲೋ ಎಸ್ ಮೋಡ್ ಆನ್ ಮಾಡೋ ಬಟನ್ ಇರತೈತಿ ಅಂತ. ಇಲ್ರಿ, ಇಲ್ಲ. ಎಸ್ ಮೋಡಿನಿಂದ ಹೊರಗ ಬರೋ ಬಾಗಿಲಷ್ಟ ಐತಿ, ಒಳಗ ಹೋಗೋ ಬಾಗಿಲಿಲ್ಲ. ಹಂಗಾಗಿ ಇನ್‌ಸ್ಟಾಲ್ ಆಗೋ ಮೊದಲ, ಪೆನ್‌ಡ್ರೈವಿನ ಫೈಲಿನೊಳಗ ಬೀಗ ಕೂಡಸಬೇಕು. ಲ್ಯಾಪ್‌ಟಾಪ್ ಕಂಪನಿಯವರು ಫ್ಯಾಕ್ಟರಿಯೊಳಗ ಮಾಡೋದೂ ಇದ ಕೆಲಸ.

ಶುರು ಮಾಡೂಕಿಂತ ಮೊದಲು ನಿಮ್ಮ ಮಷಿನ್ ನೋಡ್ಕೊಳ್ರಿ. ವಿಂಡೋಸ್ 10ಕ್ಕ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು, ಅದಕ್ಕ ನಾನು 11ರ ಮ್ಯಾಲ ಹೇಳಾಕತ್ತೀನಿ. ವಿಂಡೋಸ್ 11ಕ್ಕ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 (ಮಷಿನ್ನಿನೊಳಗಿನ ಭದ್ರತಾ ವ್ಯವಸ್ಥೆ), ಸೆಕ್ಯೂರ್ ಬೂಟ್ (ನಂಬಿಕಿ ಇಲ್ಲದ ಸಾಫ್ಟ್‌ವೇರಿನಿಂದ ಮಷಿನ್ ಶುರು ಆಗದಂಗ ತಡಿಯೋದು) ಬೇಕು, ಇಂಟೆಲ್ ಆದ್ರ ಹೆಚ್ಚುಕಮ್ಮಿ 8ನೇ ಜನರೇಷನ್ನಿನಿಂದ ಮ್ಯಾಲ. ಇನ್ನೊಂದು ಮಾತು, 11ರಾಗ ಎಸ್ ಮೋಡ್ ಹೋಮ್ ಎಡಿಷನ್ನಿಗೆ ಮಾತ್ರ ಐತಿ, ಪ್ರೋಗ ಇಲ್ಲ. ಇದು ನನಗ ಆಮ್ಯಾಲ ಪೆಟ್ಟು ಕೊಟ್ಟಿತು, ಮುಂದ ಹೇಳ್ತೀನಿ.

ಬೇಕಾಗೋ ಸಾಮಾನು: ಬೀಗ ಇಲ್ಲದ ಮಾಮೂಲಿ ವಿಂಡೋಸ್ ಇರೋ ಇನ್ನೊಂದು ಲ್ಯಾಪ್‌ಟಾಪ್ (ಎಸ್ ಮೋಡಿನ ಮಷಿನ್ನಿನ್ಯಾಗ ಕಮಾಂಡ ಓಡಂಗಿಲ್ಲಲ್ಲ, ಅಲ್ಲಿ ಕುಂತು ಇದನ್ನ ಮಾಡಾಕ ಬರಂಗಿಲ್ಲ), 16 ಜಿಬಿ ಪೆನ್‌ಡ್ರೈವ್, ಸಿ ಡ್ರೈವಿನ್ಯಾಗ ಒಂದು 30 ಜಿಬಿ ಖಾಲಿ ಜಾಗ, ಮತ್ತ ಕರೆಂಟ್. ಕರೆಂಟಿನ ಮಾತು ಚೇಷ್ಟೆ ಅಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನ್ಯಾಗ ಈ ಕೆಲಸ ಹಚ್ಚಿದಾಗ ನಡುವ ಕರೆಂಟ್ ಹೋತಂದ್ರ ಇಮೇಜ್ (ಇಡೀ ವಿಂಡೋಸ್ ತುಂಬಿದ ಫೈಲ್) ಅರ್ಧಕ್ಕ ನಿಂತು ಮತ್ತ ಮೊದಲಿಂದ ಶುರು ಮಾಡಬೇಕಾಗತೈತಿ, ನಮ್ಮ ಕಡೆ ಬ್ಯಾಸಗಿಯಾಗ ಲೋಡ್ ಶೆಡ್ಡಿಂಗ್ ಹೆಂಗಿರತೈತಿ ನಿಮಗ ಗೊತ್ತ ಐತಿ.

ಮೊದಲು ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದ ವಿಂಡೋಸ್ 11ರ ಐಎಸ್ಒ ಫೈಲ್ (ಇಡೀ ಡಿವಿಡಿ ಒಂದ ಫೈಲಿನ್ಯಾಗ) ಇಳಿಸ್ಕೊಳ್ರಿ. ಮೀಡಿಯಾ ಕ್ರಿಯೇಷನ್ ಟೂಲ್ ಬ್ಯಾಡ. ಅದು ಕೊಡೋದು ಇನ್‌ಸ್ಟಾಲ್ ಡಾಟ್ ಇಎಸ್‌ಡಿ ಅನ್ನೋ ಗಟ್ಟಿ ಅದುಮಿದ ಫೈಲ್, ಅದನ್ನ ನೇರ ಬಿಚ್ಚಿ ತಿದ್ದಾಕ ಬರಂಗಿಲ್ಲ. ಐಎಸ್ಒ ಒಳಗ ಸೋರ್ಸಸ್ ಫೋಲ್ಡರಿನ್ಯಾಗ ಇನ್‌ಸ್ಟಾಲ್ ಡಾಟ್ ವಿಮ್ ಇರತೈತಿ, ನಮಗ ಬೇಕಾಗಿದ್ದು ಅದು. ಫೈಲ್ 5 ಜಿಬಿಗಿಂತ ದೊಡ್ಡದು, ದಿನಕ್ಕ ಒಂದೂವರಿ ಜಿಬಿ ಪ್ಯಾಕಿನ್ಯಾಗ ಇಳಿಯಂಗಿಲ್ಲ, ಯಾರದಾರ ಫೈಬರ್ ಲೈನ್ ಹುಡುಕ್ರಿ.

ಐಎಸ್ಒ ಮ್ಯಾಲ ಡಬಲ್ ಕ್ಲಿಕ್ ಮಾಡಿದ್ರ ಡಿವಿಡಿ ಹಂಗ ತೆರಕೊಳ್ಳತೈತಿ. ಒಳಗಿದ್ದದ್ದೆಲ್ಲಾ ಕಾಪಿ ಮಾಡಿ ಸಿ ಡ್ರೈವಿನ್ಯಾಗ ವಿನ್ ಅಂತ ಒಂದು ಫೋಲ್ಡರಿಗೆ ಹಾಕ್ರಿ. ಹಂಗ ಕಾಪಿ ಆದ ಇನ್‌ಸ್ಟಾಲ್ ಡಾಟ್ ವಿಮ್ ಸುಮ್ಮನ ರೀಡ್ ಓನ್ಲಿ ಆಗಿರತೈತಿ, ಪ್ರಾಪರ್ಟೀಸ್‌ಗೆ ಹೋಗಿ ಆ ಟಿಕ್ ತಗೀರಿ. ಇದನ್ನ ಮರತು "ಪರ್ಮಿಷನ್ ಇಲ್ಲ ಅನ್ನಾಕತ್ತೈತಿ, ನಾನು ಅಡ್ಮಿನ್ ಇದ್ದೀನಲ್ಲ" ಅಂತ ತಲಿ ಕೆರ್ಕೊಂಡು ಕುಂತೋರು ಭಾಳ ಮಂದಿ, ನಾನೂ ಒಬ್ಬ.

ಇಲ್ಲಿಂದ ಎಡಿಕೆ ಅನ್ನೋ ಟೂಲ್ ಬೇಕು, ಪೂರ್ತಿ ಹೆಸರು ವಿಂಡೋಸ್ ಅಸೆಸ್‌ಮೆಂಟ್ ಆ್ಯಂಡ್ ಡಿಪ್ಲಾಯ್‌ಮೆಂಟ್ ಕಿಟ್. ಮೈಕ್ರೋಸಾಫ್ಟಿನದ, ಪುಕ್ಕಟೆ. ಇನ್‌ಸ್ಟಾಲ್ ಮಾಡುವಾಗ ಹತ್ತಾರು ಟಿಕ್ ತೋರಸತೈತಿ, ಡಿಪ್ಲಾಯ್‌ಮೆಂಟ್ ಟೂಲ್ಸ್ ಒಂದ ಇಟ್ಟು ಉಳಿದದ್ದು ತಗೀರಿ. ನಿಮ್ಮ ಐಎಸ್ಒ ಯಾವ ವರ್ಷನ್ನೋ ಅದಕ್ಕ ಹೊಂದೋ ಎಡಿಕೆನ ತಗೊಳ್ರಿ.

ಅದರ ಜೊತಿ ವಿಂಡೋಸ್ ಸಿಸ್ಟಮ್ ಇಮೇಜ್ ಮ್ಯಾನೇಜರ್ ಬರತೈತಿ. ತೆರದು, ನಮ್ಮ ಇನ್‌ಸ್ಟಾಲ್ ಡಾಟ್ ವಿಮ್ ತೋರಸ್ರಿ, ಕೆಟಲಾಗ್ ಮಾಡ್ಲ್ಯಾ ಅಂತ ಕೇಳಿದ್ರ ಹೂಂ ಅನ್ರಿ, ಚಾ ಕುಡದು ಬರ‍್ರಿ. ಆಮ್ಯಾಲ ಫೈಲ್ ಮೆನುವಿನ್ಯಾಗ ಹೊಸ ಆನ್ಸರ್ ಫೈಲ್ (ವಿಂಡೋಸಿಗೆ ಸೆಟ್ಟಿಂಗ್ ಮೊದಲ ಬರದು ಕೊಡೋ ಫೈಲ್) ತೆರದು, ಎಡಕ ಕಾಂಪೊನೆಂಟ್ಸ್ ಪಟ್ಟಿಯೊಳಗ ಮೈಕ್ರೋಸಾಫ್ಟ್ ವಿಂಡೋಸ್ ಕೋಡ್ ಇಂಟೆಗ್ರಿಟಿ ಅನ್ನೋದನ್ನ ಹುಡುಕಿ, ರೈಟ್ ಕ್ಲಿಕ್ ಮಾಡಿ ಎರಡನೇ ಪಾಸ್ (ಹಂತ), ಅಂದ್ರ ಆಫ್‌ಲೈನ್ ಸರ್ವಿಸಿಂಗ್‌ಗೆ ಸೇರಸ್ರಿ. ಅಲ್ಲಿ ಎಸ್‌ಕೆಯು ಪಾಲಿಸಿ ರಿಕ್ವೈರ್ಡ್ ಅಂತ ಒಂದ ಒಂದು ಖಾನೆ ಇರತೈತಿ, ಅದಕ್ಕ 1 ಅಂತ ಹಾಕ್ರಿ. ಬೀಗ ಅಂದ್ರ ಇಷ್ಟ ನೋಡ್ರಿ, ಒಂದು ಅಂಕಿ! ಅನ್‌ಅಟೆಂಡ್ ಡಾಟ್ ಎಕ್ಸ್‌ಎಂಎಲ್ ಅಂತ ಸೇವ್ ಮಾಡ್ರಿ. ಬ್ಯಾರೆ ಪಾಸಿನ್ಯಾಗ ಇನ್ನೇನಾರ ಸೆಟ್ಟಿಂಗ್ ತುರುಕಬ್ಯಾಡ್ರಿ, ಇಮೇಜಿಗೆ ಹಚ್ಚುವಾಗ ಆಫ್‌ಲೈನ್ ಸರ್ವಿಸಿಂಗ್ ಒಂದನ್ನ ಓದತೈತಿ.

ಮುಂದಿನದು ಕಮಾಂಡ್ ಹೊಡಿಯೋ ಕೆಲಸ. ಅಳಿಯಗ ಫೋನಿನ್ಯಾಗ ಹೆಂಗ ಬರೆಸಿದ್ನೋ ಹಂಗ ಹೇಳ್ತೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಾಗ ಹೊಡೀರಿ. ಸ್ಟಾರ್ಟ್ ಮೆನುವಿನ್ಯಾಗ ಎಡಿಕೆ ಜೊತಿ ಬಂದ ಡಿಪ್ಲಾಯ್‌ಮೆಂಟ್ ಟೂಲ್ಸ್ ಕಮಾಂಡ್ ವಿಂಡೋನ ಅಡ್ಮಿನ್ ಆಗಿ ತೆರೀರಿ. ಎಲ್ಲಾ ಕಮಾಂಡ್ ಡಿಐಎಸ್‌ಎಂ ಅಂತ ಶುರು ಆಗತಾವ, ಅದು ವಿಂಡೋಸ್ ಇಮೇಜ್ ಬಿಚ್ಚಿ ತಿದ್ದೋ ಟೂಲಿನ ಹೆಸರು. ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಶ್ ಗೆಟ್ ಹೈಫನ್ ಇಮೇಜ್‌ಇನ್ಫೊ, ಸ್ಪೇಸ್, ಸ್ಲ್ಯಾಶ್ ಇಮೇಜ್‌ಫೈಲ್ ಕೋಲನ್, ಆಮ್ಯಾಲ ಫೈಲ್ ಎಲ್ಲೈತಿ ಆ ದಾರಿ. ಡಿಐಎಸ್‌ಎಂ ಆಪ್ಷನ್ನಿನ ಸ್ಲ್ಯಾಶ್ ಬಲಕ್ಕ ವಾಲಿದ್ದು, ಫೋಲ್ಡರ್ ದಾರಿಯ ಸ್ಲ್ಯಾಶ್ ಎಡಕ್ಕ ವಾಲಿದ್ದು, ಇದನ್ನ ಅದಲುಬದಲು ಮಾಡೇ ಅಳಿಯ ಇಪ್ಪತ್ತು ನಿಮಿಷ ಕಳದ. ಎಂಟರ್ ಹೊಡದ್ರ ಒಳಗಿರೋ ಎಡಿಷನ್ ಎಲ್ಲಾ ನಂಬರ್ ಸಮೇತ ಬರತಾವ: ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಎಜುಕೇಷನ್, ಪ್ರೋ ಹಿಂಗ.

ನಾನು ಎಡವಿದ್ದು ಇಲ್ಲೇ. ಹೋಮ್ ಬೇಕಲ್ಲ ಅಂತ 1ನೇ ನಂಬರಿಗಷ್ಟ ಬೀಗ ಹಾಕಿ ಪೆನ್‌ಡ್ರೈವ್ ಮಾಡಿ ಕಾರಟಗಿಗೆ ಹೋಗಿ ಮೊದಲ ಲ್ಯಾಪ್‌ಟಾಪಿಗೆ ಹಾಕಿದ್ರ ಬೀಗ ಇಲ್ಲ, ಮಾಮೂಲಿ ವಿಂಡೋಸ್! ಯಾಕಂದ್ರ ಕಂಪನಿ ಲ್ಯಾಪ್‌ಟಾಪಿನ ಬಯೋಸ್‌ನೊಳಗ (ಮಷಿನ್ ಶುರು ಮಾಡೋ ಒಳಗಿನ ಸಾಫ್ಟ್‌ವೇರ್) ವಿಂಡೋಸ್ ಲೈಸೆನ್ಸಿನ ಕೀ ಮೊದಲ ಕುಂತಿರತೈತಿ, ಅದು ಯಾವ ಎಡಿಷನ್ನಿನದೋ ಸೆಟಪ್ ಕೇಳದ ಆ ಎಡಿಷನ್ನ ಹಾಕತೈತಿ. ನಮ್ಮ ದೇಶದಾಗ ಮಾರೋ ಭಾಳಷ್ಟು ಲ್ಯಾಪ್‌ಟಾಪಿನ್ಯಾಗ ಇರೋದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಹಂಗಾಗಿ ಎರಡಕ್ಕೂ ಬೀಗ ಹಾಕಬೇಕು. ಆಫೀಸಿನಿಂದ ಲಾಟಿನ್ಯಾಗ ಹೊರಗ ಬಂದ ಸೆಕೆಂಡ್ ಹ್ಯಾಂಡ್ ಮಷಿನ್ ಆದ್ರ ಪ್ರೋ ಕೀ ಇರತೈತಿ, ಆರರಾಗ ಎರಡು ಹಂಗ ಇದ್ದವು, ಅವಕ್ಕ ಈ ಪೆನ್‌ಡ್ರೈವಿನಿಂದ ಎಸ್ ಮೋಡ್ ಬರಂಗಿಲ್ಲ. ಆ ಎರಡಕ್ಕ ಹುಡುಗ್ರಿಗೆ ಸ್ಟ್ಯಾಂಡರ್ಡ್ ಯೂಸರ್ ಅಕೌಂಟ್ ಮಾಡಿಕೊಟ್ಟು ಸುಮ್ಮನಾದ್ವಿ.

ಇನ್ನ ಇಮೇಜ್ ಬಿಚ್ಚೋದು. ಸಿ ಡ್ರೈವಿನ್ಯಾಗ ಮೌಂಟ್ ಅಂತ ಖಾಲಿ ಫೋಲ್ಡರ್ ಮಾಡಿ, ಡಿಐಎಸ್‌ಎಂ, ಸ್ಲ್ಯಾಶ್ ಮೌಂಟ್ ಹೈಫನ್ ಇಮೇಜ್, ಸ್ಲ್ಯಾಶ್ ಇಮೇಜ್‌ಫೈಲ್ ಕೋಲನ್ ವಿಮ್ ಫೈಲಿನ ದಾರಿ, ಸ್ಲ್ಯಾಶ್ ಇಂಡೆಕ್ಸ್ ಕೋಲನ್ ಎಡಿಷನ್ ನಂಬರ್, ಸ್ಲ್ಯಾಶ್ ಮೌಂಟ್‌ಡಿರ್ ಕೋಲನ್ ಆ ಖಾಲಿ ಫೋಲ್ಡರ್. ಪ್ರತಿಯೊಂದರ ನಡುವ ಸ್ಪೇಸ್. ನೂರು ಪರ್ಸೆಂಟ್ ಆದ್ಮ್ಯಾಲ ಆ ಫೋಲ್ಡರ್ ತೆರದು ನೋಡಿದ್ರ ಒಂದು ಇಡೀ ಸಿ ಡ್ರೈವ್ ಕಂಡಂಗ ಕಾಣತೈತಿ. ಅದರಾಗ ವಿಂಡೋಸ್ ಫೋಲ್ಡರ್, ಅದರೊಳಗ ಪ್ಯಾಂಥರ್ ಅನ್ನೋ ಫೋಲ್ಡರ್, ಇರದಿದ್ರ ನೀವ ಮಾಡ್ರಿ, ಅಲ್ಲಿ ಅನ್‌ಅಟೆಂಡ್ ಫೈಲ್ ಇಡ್ರಿ. ಬರೇ ಇಟ್ರ ಸಾಲಂಗಿಲ್ಲ, ಹಚ್ಚಬೇಕು: ಡಿಐಎಸ್‌ಎಂ, ಸ್ಲ್ಯಾಶ್ ಇಮೇಜ್ ಕೋಲನ್ ಮೌಂಟ್ ಫೋಲ್ಡರ್, ಸ್ಲ್ಯಾಶ್ ಅಪ್ಲೈ ಹೈಫನ್ ಅನ್‌ಅಟೆಂಡ್ ಕೋಲನ್ ಆ ಎಕ್ಸ್‌ಎಂಎಲ್ ಫೈಲಿನ ದಾರಿ.

ಇಮೇಜ್ ಬಿಚ್ಚಿದಾಗಲೇ ಡ್ರೈವರ್ ಸೇರಿಸಿಬಿಡ್ರಿ, ಯಾಕಂದ್ರ ಬೀಗ ಬಿದ್ದ ಮ್ಯಾಲ ಸೆಟಪ್ ಎಕ್ಸ್‌ಇ ರೂಪದಾಗ ಬರೋ ಡ್ರೈವರ್ ಓಡಂಗಿಲ್ಲ. ವೈಫೈ ಡ್ರೈವರ್ ಅಂತೂ ಬೇಕ ಬೇಕು, ವಿಂಡೋಸ್ 11 ಹೋಮ್ ಶುರುವಿಗೇ ಇಂಟರ್ನೆಟ್ಟು, ಮೈಕ್ರೋಸಾಫ್ಟ್ ಅಕೌಂಟ್ ಕೇಳತೈತಿ. ಡ್ರೈವರ್ ಪ್ಯಾಕೇಜ್ ಬಿಚ್ಚಿದಾಗ ಐಎನ್ಎಫ್ ಅಂತ ಮುಗಿಯೋ ಫೈಲ್ ಸಿಗಬೇಕು, ಅವೆಲ್ಲಾ ಒಂದು ಫೋಲ್ಡರಿನ್ಯಾಗ ಹಾಕಿ, ಮತ್ತ ಅದ ಇಮೇಜ್ ಕೋಲನ್ ದಾರಿಯ ಮುಂದ ಸ್ಲ್ಯಾಶ್ ಆ್ಯಡ್ ಹೈಫನ್ ಡ್ರೈವರ್, ಸ್ಲ್ಯಾಶ್ ಡ್ರೈವರ್ ಕೋಲನ್ ಫೋಲ್ಡರ್, ಸ್ಲ್ಯಾಶ್ ರಿಕರ್ಸ್.

ಮುಚ್ಚುವಾಗ ಮೌಂಟ್ ಫೋಲ್ಡರ್ ಎಲ್ಲೂ ತೆರದು ಇರಬಾರದು, ಫೈಲ್ ಎಕ್ಸ್‌ಪ್ಲೋರರ್ ಸೈತ ಬಂದ್ ಮಾಡ್ರಿ. ಡಿಐಎಸ್‌ಎಂ, ಸ್ಲ್ಯಾಶ್ ಅನ್‌ಮೌಂಟ್ ಹೈಫನ್ ಇಮೇಜ್, ಸ್ಲ್ಯಾಶ್ ಮೌಂಟ್‌ಡಿರ್ ಕೋಲನ್ ಫೋಲ್ಡರ್, ಸ್ಲ್ಯಾಶ್ ಕಮಿಟ್. ಕಮಿಟ್ ಬದಲು ಡಿಸ್ಕಾರ್ಡ್ ಅಂತ ಹೊಡದ್ರ ಇಲ್ಲಿ ತನ ಮಾಡಿದ್ದೆಲ್ಲಾ ನೀರಾಗ ಹೋತು. ಈಗ ಮುಂದಿನ ಎಡಿಷನ್ ನಂಬರ್ ಹಾಕಿ ಮೌಂಟಿನಿಂದ ಹಿಡದು ಎಲ್ಲಾ ಇನ್ನೊಮ್ಮೆ.

ಪೆನ್‌ಡ್ರೈವಿನ ಕೆಲಸ ಸಣ್ಣದು. ಅದರಾಗ ಮದುವಿ ಫೋಟೊ ಏನಾರ ಇದ್ರ ಮೊದಲ ತಗದು ಇಟ್ಕೊಂಡು, ರೈಟ್ ಕ್ಲಿಕ್ ಮಾಡಿ ಫ್ಯಾಟ್32 ಫಾರ್ಮ್ಯಾಟ್ ಹೊಡೀರಿ, ಯುಇಎಫ್ಐ (ಈಗಿನ ಮಷಿನ್ನಿನ ಹೊಸ ನಮೂನಿ ಬಯೋಸ್) ಬೂಟ್ ಆಗಾಕ ಅದ ಬೇಕು. ಫ್ಯಾಟ್32ರಾಗ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಂಗಿಲ್ಲ, ನಮ್ಮ ವಿಮ್ ಅದಕ್ಕಿಂತ ದೊಡ್ಡದು, ಹಂಗಾಗಿ ಒಡೀಬೇಕು: ಡಿಐಎಸ್‌ಎಂ, ಸ್ಲ್ಯಾಶ್ ಸ್ಪ್ಲಿಟ್ ಹೈಫನ್ ಇಮೇಜ್, ಸ್ಲ್ಯಾಶ್ ಇಮೇಜ್‌ಫೈಲ್ ಕೋಲನ್ ವಿಮ್ ದಾರಿ, ಸ್ಲ್ಯಾಶ್ ಎಸ್‌ಡಬ್ಲ್ಯೂಎಂಫೈಲ್ ಕೋಲನ್ ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿನ್ಯಾಗ ಇನ್‌ಸ್ಟಾಲ್ ಡಾಟ್ ಎಸ್‌ಡಬ್ಲ್ಯೂಎಂ, ಸ್ಲ್ಯಾಶ್ ಫೈಲ್‌ಸೈಜ್ ಕೋಲನ್ 3800. ಈ ಕಮಾಂಡಿಗಿಂತ ಮೊದಲು ವಿಮ್ ಒಂದು ಬಿಟ್ಟು ಉಳಿದದ್ದೆಲ್ಲಾ ಪೆನ್‌ಡ್ರೈವಿಗೆ ಕಾಪಿ ಆಗಿರಬೇಕು. ಒಡದ ತುಂಡುಗಳನ್ನ ಸೆಟಪ್ ತಾನ ಜೋಡಿಸ್ಕೊಳ್ಳತೈತಿ.

ಬೂಟ್ ಮೆನುಗೆ ಡೆಲ್, ಲೆನೊವೊ ಆದ್ರ ಎಫ್12, ಎಚ್‌ಪಿ ಆದ್ರ ಎಫ್9. ಸೆಕ್ಯೂರ್ ಬೂಟ್ ಆನ್ ಇರಲಿ. ಇನ್‌ಸ್ಟಾಲ್ ಮಾಡಿದ್ರ ಡಿಸ್ಕಿನ್ಯಾಗ ಇದ್ದದ್ದು ಹೋಗತೈತಿ, ಮತ್ತ ಈ ಪೆನ್‌ಡ್ರೈವ್ ಲೈಸೆನ್ಸ್ ಕೊಡಂಗಿಲ್ಲ, ಅದು ಮಷಿನ್ನಿಗೆ ಇರಬೇಕು. ಮುಗದ ಮ್ಯಾಲ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒಳಗ ಎಡಿಷನ್ ಮುಂದ ಎಸ್ ಮೋಡ್ ಅಂತ ಇದ್ರ ಗೆದ್ರಿ. ನಂಬಿಕಿ ಬರದಿದ್ರ ಯಾವುದಾರ ಎಕ್ಸ್‌ಇ ಕ್ಲಿಕ್ ಮಾಡಿ ನೋಡ್ರಿ. ನಮ್ಮಲ್ಲಿ ಮೊದಲ ದಿನಾನ ಒಬ್ಬ ಹುಡುಗ ಗೇಮ್ ಹಾಕಾಕ ಹೋಗಿ, "ಸರ್, ಈ ಕಂಪ್ಯೂಟರ್ ಕೆಟ್ಟೈತಿ" ಅಂದ.

ಆದ್ರ ಎಲ್ಲಾರಿಗೂ ಇದು ಬ್ಯಾಡ. ನುಡಿ, ಬರಹ ಅನ್ನೋ ಹಳೇ ಎಕ್ಸ್‌ಇಗಳು ಇದರಾಗ ಓಡಂಗಿಲ್ಲ. ಕನ್ನಡಕ್ಕ ವಿಂಡೋಸಿನ ಸ್ವಂತ ಕೀಬೋರ್ಡ್ ಐತಿ, 2019ರಿಂದ ಫೊನೆಟಿಕ್ ಕೂಡ ಬಂದೈತಿ, ಕಲಿಯೋ ಹುಡುಗ್ರಿಗೆ ಅದು ಸಾಕು, ಆದ್ರ ನುಡಿ ಕೀಬೋರ್ಡಿಗೆ ಕೈ ಕುಂತ ಟೈಪಿಸ್ಟ್ ಬೈತಾನ. ರೈಸ್ ಮಿಲ್ಲಿನ ಸಾಹುಕಾರ್ರ ಲ್ಯಾಪ್‌ಟಾಪಿಗೆ ಹಾಕಿದ್ರ ಟ್ಯಾಲಿ ಬಂದ್. ಗ್ರಾಮ ಒನ್ ನಡಸೋರು ಬೆರಳಚ್ಚು ಮಷಿನ್ನಿನ ಆರ್‌ಡಿ ಸರ್ವಿಸ್ (ಆಧಾರ್‌ಗೆ ಬೆರಳಚ್ಚು ಕಳಸೋ ಸಾಫ್ಟ್‌ವೇರ್) ಹಾಕಬೇಕಾಗತೈತಿ, ಅದಕ್ಕೂ ಇದು ಒಗ್ಗಂಗಿಲ್ಲ. ಬ್ರೌಸರ್ರು, ವರ್ಡು, ಪಾಠದ ವಿಡಿಯೊ ಇಷ್ಟರಾಗ ಕೆಲಸ ಮುಗಿಯೋ ಕಡೆ ಹಾಕ್ರಿ.

ಹೊರಗ ಬರಬೇಕಾದ್ರ ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್‌ಗೆ ಹೋದ್ರ ಹೋಮ್‌ಗೆ ಸ್ವಿಚ್ ಆಗೋ ಸಾಲಿನ್ಯಾಗ ಗೋ ಟು ದ ಸ್ಟೋರ್ ಐತಿ, ಅಲ್ಲಿ ಗೆಟ್ ಒತ್ತಿದ್ರ ಆತು, ರೊಕ್ಕ ಇಲ್ಲ. ಅದರ ಹತ್ರಾನ ಅಪ್‌ಗ್ರೇಡ್ ಯುವರ್ ಎಡಿಷನ್ ಅಂತ ಇನ್ನೊಂದು ಸ್ಟೋರ್ ಲಿಂಕ್ ಇದ್ರ ಅದನ್ನ ಮುಟ್ಟಬ್ಯಾಡ್ರಿ, ಅದು ರೊಕ್ಕ ಕೇಳೋ ಪ್ರೋ. ಒಮ್ಮೆ ಹೊರಗ ಬಂದ್ರ ರೀಸೆಟ್ ಹೊಡದ್ರೂ ಎಸ್ ಮೋಡ್ ವಾಪಸ್ ಬರಂಗಿಲ್ಲ. ಅದಕ್ಕ ಅಳಿಯಗ ಹೇಳೀನಿ, ಸ್ಟೋರಿನ ಮೈಕ್ರೋಸಾಫ್ಟ್ ಪಾಸ್‌ವರ್ಡ್ ಬೋರ್ಡಿನ ಮ್ಯಾಲ ಬರೀಬ್ಯಾಡ ಅಂತ. ವೈಫೈದು ಮಾತ್ರ ಇನ್ನೂ ಅಲ್ಲೇ ಬರದೈತಿ.