ಹೊಸ ಟಿ.ವಿ.ಯಲ್ಲಿ ಚಿತ್ರ ಸರಿ ಬರುತ್ತಿಲ್ಲವೇ? ಮೊದಲು ಮೆನು ತೆರೆದು ನೋಡಿ

ಟಿ.ವಿ. ಗೋಡೆಗೇರಿದೆ, ಸೆಟ್‌ಟಾಪ್ ಬಾಕ್ಸ್ ಜೋಡಿಸಿಯೂ ಆಗಿದೆ. ಆದರೆ ಚಿತ್ರ ಮಸುಕು, ಇಲ್ಲವೇ ನಡುನಡುವೆ ಮಾಯ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡುವ ಮುಂಚೆ ಒಂದನ್ನು ಖಚಿತಪಡಿಸಿಕೊಳ್ಳಿ: ತೊಂದರೆ ಇರುವುದು ಟಿ.ವಿ.ಯಲ್ಲೋ, ಅದಕ್ಕೆ ಚಿತ್ರ ಕಳಿಸುವ ಬಾಕ್ಸು–ಕೇಬಲ್‌ಗಳಲ್ಲೋ?

ಇದಕ್ಕೆ ಯಾವ ಉಪಕರಣವೂ ಬೇಡ. ರಿಮೋಟ್‌ನಲ್ಲಿ ಸೆಟ್ಟಿಂಗ್ಸ್ ಒತ್ತಿ. ಆಗ ಕಾಣುವ ಮೆನುವನ್ನು ಟಿ.ವಿ. ತಾನೇ ಮೂಡಿಸುತ್ತದೆ, ಅದು ಕೇಬಲ್ ಮೂಲಕ ಬರುವುದಲ್ಲ. ಹಿಂದೆ ಚಿತ್ರ ಒಡೆಯುತ್ತಿದ್ದರೂ ಮೆನುವಿನ ಅಕ್ಷರಗಳು ಸ್ಫುಟವಾಗಿ, ಅಲುಗದೆ ನಿಂತಿದ್ದರೆ ಪ್ಯಾನೆಲ್, ಅಂದರೆ ಟಿ.ವಿ.ಯ ಪರದೆ, ಬಹುಮಟ್ಟಿಗೆ ಸರಿಯಾಗಿಯೇ ಇದೆ. ಮೆನುವಿನ ಮೇಲೂ ಅದೇ ಜಾಗದಲ್ಲಿ ಗೆರೆಯೋ ಕಪ್ಪು ಪಟ್ಟಿಯೋ ಕಂಡರೆ ದೋಷ ಟಿ.ವಿ.ಯದ್ದೇ. ಅದು ಮನೆಯಲ್ಲಿ ರಿಪೇರಿ ಆಗುವಂಥದ್ದಲ್ಲ. ಫೋಟೊ ತೆಗೆದಿಟ್ಟುಕೊಂಡು ವಾರಂಟಿಯಡಿ ದೂರು ಕೊಡಿ.

ದನಿ ಬರುತ್ತಿದೆ, ಪರದೆ ಮಾತ್ರ ಕಪ್ಪು, ಮೆನುವೂ ಕಾಣುತ್ತಿಲ್ಲವೇ? ಎಲ್‌ಇಡಿ ಟಿ.ವಿ.ಯಾದರೆ ದೀಪ ಆರಿಸಿ, ಪರದೆಗೆ ಹತ್ತಿರದಿಂದ ಟಾರ್ಚ್ ಬಿಡಿ. ಚಿತ್ರ ಮಬ್ಬಾಗಿ ಓಡಾಡುವುದು ಕಂಡರೆ ಹಿಂಬದಿಯ ಬೆಳಕು ಕೈಕೊಟ್ಟಿದೆ. ಇದೂ ಕಂಪನಿಯವರದೇ ಕೆಲಸ.

ಮೆನು ಸರಿಯಿದ್ದರೆ ಮುಂದಿನದು ಬಾಕ್ಸಿನಿಂದ ಟಿ.ವಿ.ಗೆ ಚಿತ್ರ, ದನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್. ಎರಡೂ ತುದಿ ಕಿತ್ತು, ಪೂರ್ತಿ ಒಳಗೆ ಕೂರುವಂತೆ ಒತ್ತಿ. ಟಿ.ವಿ.ಯನ್ನು ಗೋಡೆಗೆ ಅಂಟಿದಂತೆ ಕೂರಿಸಿದಾಗ ಹಿಂದಿನ ಪ್ಲಗ್ ಬಾಗಿ ಅರ್ಧ ಹೊರಗೆ ಬಂದಿರುವುದು ಅಪರೂಪವಲ್ಲ. ಆಮೇಲೆ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಬದಲಿಸಿ, ಬೇರೆ ಕೇಬಲ್ ಹಾಕಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ. ನಡುವೆ ಸೌಂಡ್‌ಬಾರ್ ಇದ್ದರೆ ಅದನ್ನು ಬಿಟ್ಟು, ಬಾಕ್ಸನ್ನು ನೇರವಾಗಿ ಟಿ.ವಿ.ಗೆ ಜೋಡಿಸಿ. 4ಕೆ ಕಾರ್ಯಕ್ರಮಗಳಿಗೆ ಬೇಕಾದ ಎಚ್‌ಡಿಸಿಪಿ 2.2 ಎಂಬ ನಕಲು-ತಡೆ ವ್ಯವಸ್ಥೆ ಹಳೆಯ ಸೌಂಡ್‌ಬಾರ್‌ನಲ್ಲಿ ಇಲ್ಲದಿದ್ದರೆ ಕೆಲವು ಕಾರ್ಯಕ್ರಮಗಳಿಗಷ್ಟೇ ಪರದೆ ಕಪ್ಪಾಗುತ್ತದೆ.

ಚಿತ್ರದ ತುಂಬ ಬಿಳಿ ಚುಕ್ಕಿಗಳು ಮಿನುಗುತ್ತಿವೆಯೇ? ಪರದೆ ಆಗಾಗ ಕ್ಷಣಕಾಲ ಕಪ್ಪಾಗಿ ಮತ್ತೆ ಬರುತ್ತಿದೆಯೇ? ಬಾಕ್ಸಿನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ (ಚಿತ್ರದಲ್ಲಿನ ಚುಕ್ಕಿಗಳ ಸಂಖ್ಯೆ) ಅನ್ನು 4ಕೆಯಿಂದ 1080ಪಿಗೆ ಇಳಿಸಿ. ತೊಂದರೆ ನಿಂತರೆ ಮೊದಲ ಅನುಮಾನ ಕೇಬಲ್ ಮೇಲೆ. ಸೆಕೆಂಡಿಗೆ 60 ಫ್ರೇಮ್‌ನ 4ಕೆ ಚಿತ್ರಕ್ಕೆ ಪೂರ್ತಿ ಬಣ್ಣದೊಂದಿಗೆ ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಮಾಹಿತಿ ಸಾಗಿಸುವ ದಾರಿ ಬೇಕು. ಹಳೆಯ ಕೇಬಲ್‌ಗಳನ್ನು ರೂಪಿಸಿದ್ದು 10.2 ಗಿಗಾಬಿಟ್‌ಗೆ. ‘ಪ್ರೀಮಿಯಂ ಹೈ ಸ್ಪೀಡ್’ ಎಂದು ಮುದ್ರಿಸಿದ ಕೇಬಲ್ ಇದಕ್ಕೆ ಸಾಕು. ಚಿನ್ನದ ಲೇಪನಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ. ಡಿಜಿಟಲ್ ಚಿತ್ರ ಬಂದರೆ ಪೂರ್ತಿ ಬರುತ್ತದೆ, ಇಲ್ಲವೇ ಹೀಗೆ ಒಡೆಯುತ್ತದೆ. ದುಬಾರಿ ಕೇಬಲ್‌ನಿಂದ ಬಣ್ಣಕ್ಕೆ ಹೆಚ್ಚಿನ ಹೊಳಪೇನೂ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಸಮಸ್ಯೆಯೂ ಉಂಟು: 4ಕೆ ಬಾಕ್ಸ್ ಇದ್ದರೂ ಎಚ್‌ಡಿಆರ್ (ಬೆಳಕು-ಕತ್ತಲೆಗಳ ವ್ಯತ್ಯಾಸವನ್ನು ಹೆಚ್ಚು ಚೆನ್ನಾಗಿ ತೋರಿಸುವ ಚಿತ್ರ) ಬಾರದಿರುವುದು. ಟಿ.ವಿ.ಯಲ್ಲಿ ಆ ಪೋರ್ಟಿನ ಪೂರ್ಣ ಸಾಮರ್ಥ್ಯವನ್ನು ನಾವೇ ಆನ್ ಮಾಡಬೇಕಾಗಬಹುದು. ಸ್ಯಾಮ್‌ಸಂಗ್‌ನಲ್ಲಿ ಅದು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯಲ್ಲಿ ‘ಎನ್‌ಹಾನ್ಸ್‌ಡ್ ಫಾರ್ಮ್ಯಾಟ್’.

ಎಲ್ಲ ಸರಿಯಿದ್ದೂ ಚಾನೆಲ್‌ಗಳು ಮಸುಕಾಗಿವೆ ಎಂಬುದು ಹೊಸ ಟಿ.ವಿ. ತಂದವರ ಸಾಮಾನ್ಯ ಕೊರಗು. ಇದು ಕೆಡುಕಲ್ಲ, ಲೆಕ್ಕಾಚಾರ. ಎಸ್‌ಡಿ, ಅಂದರೆ ಸಾಧಾರಣ ಸ್ಪಷ್ಟತೆಯ ಚಾನೆಲ್‌ನ 720×576 ಚಿತ್ರದಲ್ಲಿ ಇರುವುದು ಸುಮಾರು 4.15 ಲಕ್ಷ ಪಿಕ್ಸೆಲ್ (ಚುಕ್ಕಿ). 4ಕೆ ಪರದೆಯಲ್ಲಿ 83 ಲಕ್ಷ. ಒಂದು ಚುಕ್ಕಿಯನ್ನು 20 ಚುಕ್ಕಿಗಳ ಜಾಗಕ್ಕೆ ಎಳೆದು ಹರಡಬೇಕು. ಹಳೆಯ ಚಿಕ್ಕ ಟಿ.ವಿ.ಯಲ್ಲಿ ಅದೇ ಚಾನೆಲ್ ಚೆನ್ನಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಶಾರ್ಪ್‌ನೆಸ್ ಏರಿಸಿದರೆ ಮುಖಗಳ ಸುತ್ತ ಬಿಳಿ ಅಂಚು ಮೂಡಿ ಇನ್ನಷ್ಟು ಕೆಡುತ್ತದೆ, ಇಳಿಸಿಯೇ ನೋಡಿ. ಅದೇ ಚಾನೆಲ್‌ನ ಎಚ್‌ಡಿ ಆವೃತ್ತಿ ಇದ್ದರೆ ಅದನ್ನೇ ಹಾಕಿ. ಬಾಕ್ಸನ್ನು ಹಳದಿ-ಕೆಂಪು-ಬಿಳಿ ತಂತಿಗಳಲ್ಲಿ ಜೋಡಿಸಿದ್ದರೆ ಮಾತ್ರ ಎಚ್‌ಡಿ ಆಸೆ ಬಿಡಿ. ಹಳದಿ ತಂತಿಯಲ್ಲಿ ಎಸ್‌ಡಿಗಿಂತ ಮೇಲಿನದು ಬರುವುದೇ ಇಲ್ಲ.

ಆನ್‌ಲೈನ್ ಸಿನಿಮಾ ಮೊದಲು ಮಸುಕಾಗಿದ್ದು ಕೊಂಚ ಹೊತ್ತಿಗೆ ತಿಳಿಯಾದರೆ ಅದು ಇಂಟರ್‌ನೆಟ್ ವೇಗದ ವಿಚಾರ. 4ಕೆಗೆ ನೆಟ್‌ಫ್ಲಿಕ್ಸ್ ಸೂಚಿಸುವುದು 15 ಎಂಬಿಪಿಎಸ್.

ಉಳಿದದ್ದು ಸೆಟ್ಟಿಂಗ್‌ಗಳು. ಚರ್ಮದ ಬಣ್ಣ ಕಿತ್ತಳೆಯಂತಿದ್ದರೆ ‘ವಿವಿಡ್’ ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಆರಿಸಿ. ಮೊದಲಿಗೆ ಹಳದಿ ಎನಿಸೀತು, ಕಣ್ಣು ಒಗ್ಗಿಕೊಳ್ಳುತ್ತದೆ. ಸಿನಿಮಾ ಧಾರಾವಾಹಿಯಂತೆ ಅತಿ ನುಣುಪಾಗಿ ಓಡಿದರೆ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮ್‌ನ ಚಿತ್ರದ ನಡುವೆ ಟಿ.ವಿ. ತಾನೇ ಫ್ರೇಮ್‌ಗಳನ್ನು ಸೃಷ್ಟಿಸಿ ತುರುಕುತ್ತಿರುತ್ತದೆ. ಸ್ಕೋರ್ ಪಟ್ಟಿಯ ಅಂಚು ಕತ್ತರಿಸಿಹೋಗಿದ್ದರೆ ಪಿಕ್ಚರ್ ಸೈಜ್‌ನಲ್ಲಿ ‘ಫಿಟ್ ಟು ಸ್ಕ್ರೀನ್’ ಅಥವಾ ‘ಜಸ್ಟ್ ಸ್ಕ್ಯಾನ್’ ಹಾಕಿ. ಬೆಳಕು ತಾನಾಗಿ ಏರಿಳಿಯುತ್ತಿದ್ದರೆ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ನೋಡಿ.

ಬಹಳಷ್ಟು ಟಿ.ವಿ.ಗಳು ಈ ಸೆಟ್ಟಿಂಗ್‌ಗಳನ್ನು ಪ್ರತಿ ಪೋರ್ಟಿಗೂ ಬೇರೆಬೇರೆಯಾಗಿ, ಎಚ್‌ಡಿಆರ್‌ಗೆ ಮತ್ತೊಂದಾಗಿ ಉಳಿಸಿಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸಿಗೆ ಸರಿಪಡಿಸಿದ್ದು ಯೂಟ್ಯೂಬ್‌ನಲ್ಲಿ ಕಾಣದಿದ್ದರೆ, ಅಲ್ಲಿ ವಿಡಿಯೊ ಓಡುತ್ತಿರುವಾಗಲೇ ಮೆನು ತೆರೆದು ಮತ್ತೊಮ್ಮೆ ಬದಲಿಸಿ.